ಚಿಪ್ಪಿಗೆ ಮೂವತ್ತೈದು, ತಿರುಳಿಗೆ ನೂರು

ಬಾದಾಮಿ ಚಿಪ್ಪಿನ ಸಮೇತ ಭಾರತದ ಬಂದರಿನಲ್ಲಿ ಇಳಿದರೆ ಕಿಲೋಗೆ 35 ರೂಪಾಯಿ ಆಮದು ಸುಂಕ. ಚಿಪ್ಪು ಒಡೆದು ಬರೀ ತಿರುಳಾಗಿ ಇಳಿದರೆ 100 ರೂಪಾಯಿ. ನೂರು ಕಿಲೋ ಚಿಪ್ಪುಬಾದಾಮಿ ಒಡೆದರೆ ಒಳ್ಳೆಯ ತಳಿಯಲ್ಲಿ ಎಪ್ಪತ್ತು ಕಿಲೋದಷ್ಟು ತಿರುಳು ಸಿಗುತ್ತದೆ. ಅಂದರೆ ಚಿಪ್ಪಿನೊಂದಿಗೆ ತರಿಸಿದ ವ್ಯಾಪಾರಿಗೆ ಒಂದು ಕಿಲೋ ತಿರುಳಿನ ಮೇಲೆ ಬೀಳುವ ಸುಂಕ ಐವತ್ತು ರೂಪಾಯಿ, ತಿರುಳನ್ನೇ ತರಿಸಿದವನಿಗೆ ನೂರು. ನಮ್ಮ ದೇಶದ ಬಾದಾಮಿ ವ್ಯಾಪಾರ ಕಾಲೂರಿ ನಿಂತಿರುವುದು ಈ ಐವತ್ತು ರೂಪಾಯಿಯ ಅಂತರದ ಮೇಲೆ. ನಾಗಪುರದ ಗಾಂಧಿಬಾಗ್‌ನಲ್ಲಿ ಕಾಲು ಕಿಲೋ ಪೊಟ್ಟಣ ಕಟ್ಟಿಸಿಕೊಂಡು ಹೋಗುವ ಗಿರಾಕಿಗೆ ಇದ್ಯಾವುದೂ ಕಾಣುವುದಿಲ್ಲ. ಕಾಣಬೇಕಾದ ಅಗತ್ಯವೂ ಅವನಿಗಿಲ್ಲ, ದರ ಒಪ್ಪಿಗೆಯಾದರೆ ಸಾಕು.

ಗಾಂಧಿಬಾಗ್ ಎಂದರೆ ನಾಗಪುರದವರಿಗೆ ಮೊದಲು ನೆನಪಾಗುವುದು ಬಟ್ಟೆ. ವಿದರ್ಭದ ಊರೂರಿನ ಅಂಗಡಿಗಳಿಗೆ ಸೀರೆ, ಥಾನು, ಚಾದರ ಹೋಗುವುದು ಇಲ್ಲಿಯ ಹೋಲ್‌ಸೇಲ್ ಪೇಟೆಯಿಂದ. ಇದಕ್ಕೆ ಅಂಟಿಕೊಂಡೇ ಇತ್ವಾರಿ. ಎರಡರ ನಡುವೆ ಗೆರೆ ಎಳೆಯುವುದು ಮಹಾನಗರಪಾಲಿಕೆಯ ನಕ್ಷೆಗೆ ಸಾಧ್ಯವೇ ಹೊರತು ನಡೆದು ಹೋಗುವವನ ಕಾಲಿಗಲ್ಲ. ಇತ್ವಾರಿಯಲ್ಲಿ ಒಂದೊಂದು ಕಸುಬಿಗೂ ಒಂದೊಂದು ಓಲಿ, ಅಂದರೆ ಓಣಿ: ಸರಾಫಾ ಓಲಿಯಲ್ಲಿ ಚಿನ್ನ, ಕಿರಾಣಾ ಓಲಿಯಲ್ಲಿ ದಿನಸಿ, ಸ್ವಲ್ಪ ಆಚೆ ಚಿತಾರ್ ಓಲಿಯಲ್ಲಿ ಗಣಪತಿ ಮೂರ್ತಿಗೆ ಬಣ್ಣ ಬಳಿಯುವವರು. ಮಸ್ಕಾಸಾಥ್ ಕಡೆ ತಿರುಗಿದರೆ ಅರಿಶಿನ, ಮೆಣಸಿನಕಾಯಿ, ಒಣಕೊಬ್ಬರಿಗಳ ಘಾಟು. ಗೋಡಂಬಿ, ದ್ರಾಕ್ಷಿ, ಉತ್ತತ್ತಿ, ಬಾದಾಮಿ ಇರುವುದು ಈ ಘಾಟಿನ ನಡುವೆ.

ಗಾಂಧಿಬಾಗ್‌ನಲ್ಲೇ ಡಾಗಾ ಎಂಬ ಹೆಂಗಸರ ಸರ್ಕಾರಿ ಆಸ್ಪತ್ರೆಯಿದೆ. ಹೆರಿಗೆಯಾದ ಮನೆಯವರು ಡಿಂಕಿನ ಲಾಡುವಿಗೆ ಸಾಮಾನು ಹುಡುಕಿಕೊಂಡು ಬಹಳ ದೂರ ಹೋಗಬೇಕಿಲ್ಲ. ಈ ಲಾಡು ನಮ್ಮ ಉತ್ತರ ಕರ್ನಾಟಕದ ಅಂಟಿನ ಉಂಡಿಯೇ. ಅಂಟು ತುಪ್ಪದಲ್ಲಿ ಅರಳಬೇಕು, ಬೆಲ್ಲ ಹದವಾಗಿ ಕರಗಬೇಕು, ಕೊಬ್ಬರಿ, ಉತ್ತತ್ತಿ, ಗಸಗಸೆ ಬೀಳಬೇಕು. ಅದೇ ವಂಶದ ಗೋಕಾಕದ ಮತ್ತು ಅಮೀನಗಡದ ಕರದಂಟಿನಲ್ಲಿ ಬಾದಾಮಿ ಕಡಿಮೆಯಾದರೆ ತಿಂದವರಿಗೆ ಗೊತ್ತಾಗಿಬಿಡುತ್ತದೆ. ಬಾಣಂತಿಗೆ ಉಂಡಿ, ಮಕ್ಕಳಿಗೆ ರಾತ್ರಿ ನೆನೆಸಿಟ್ಟ ಬಾದಾಮಿ, ಮದುವೆಮನೆಯಲ್ಲಿ ಬಾದಾಮಿ ಹಾಲು, ಹಬ್ಬಕ್ಕೆ ಬಾದಾಮಿ ಪುರಿ. ಇಷ್ಟೊಂದು ನಮ್ಮದಾಗಿಬಿಟ್ಟ ಈ ಬೀಜ ನಾಗಪುರದಲ್ಲಾಗಲಿ ಗೋಕಾಕದಲ್ಲಾಗಲಿ ಬೆಳೆಯುವುದಿಲ್ಲ.

ಬೆಳೆಯದಿರಲು ಕಾರಣ ಮಣ್ಣಲ್ಲ, ಚಳಿ. ಬಾದಾಮಿ ಪೀಚ್ ಹಣ್ಣಿನ ಹತ್ತಿರದ ಬಂಧು. ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗೆ ಇನ್ನೂರರಿಂದ ನಾನೂರು ಗಂಟೆಯಾದರೂ ಮಲಗಿದರೆ ಮಾತ್ರ ಮೊಗ್ಗು ಸರಿಯಾಗಿ ಏಳುತ್ತದೆ. ಆಮೇಲೆ ಮಳೆಯಿಲ್ಲದ ಉದ್ದನೆಯ ಬೇಸಿಗೆ ಬೇಕು, ಕಾಯಿ ಒಣಗುವ ಹೊತ್ತಿಗೆ ಒಂದು ಹನಿಯೂ ಬೀಳಬಾರದು. ನಾಗಪುರದಲ್ಲಿ ಬೇಸಿಗೆಗೇನೂ ಬರವಿಲ್ಲ. 2013ರ ಮೇ ತಿಂಗಳಲ್ಲಿ ಇಲ್ಲಿ 47.9 ಡಿಗ್ರಿ ದಾಖಲಾಗಿತ್ತು. 2024ರ ಮೇ ಕೊನೆಯಲ್ಲಿ ಇಲ್ಲಿಯ ಸ್ವಯಂಚಾಲಿತ ಮಾಪಕವೊಂದು 56 ಡಿಗ್ರಿ ತೋರಿಸಿ ದೇಶವನ್ನೇ ಬೆಚ್ಚಿಬೀಳಿಸಿತು; ಮಾಪಕ ಕೆಟ್ಟಿದೆ ಎಂದು ಹವಾಮಾನ ಇಲಾಖೆ ಸ್ಪಷ್ಟಪಡಿಸಬೇಕಾಯಿತು. ನಂಬಿದವರನ್ನು ದೂರುವಂತಿಲ್ಲ, ಆ ಊರಿನ ಬಿಸಿಲು ಹಾಗಿದೆ. ಆದರೆ ಬಿಸಿಲ ಹಿಂದೆಯೇ ಮುಂಗಾರು ಬರುತ್ತದೆ. ಬಾದಾಮಿ ಬಿರಿಯಬೇಕಾದ ಜುಲೈ, ಆಗಸ್ಟ್‌ನಲ್ಲಿ ವಿದರ್ಭ ತೊಪ್ಪೆಯಾಗಿರುತ್ತದೆ.

ಹಾಗಿದ್ದೂ ನಾಗಪುರದ ಪಕ್ಕದಲ್ಲೇ ಒಂದು ಕ್ಯಾಲಿಫೋರ್ನಿಯಾ ಇದೆ. ಅಮರಾವತಿ ಜಿಲ್ಲೆಯ ವರೂಡ್–ಮೋರ್ಶಿ ಸೀಮೆಯನ್ನು ಜನ ವಿದರ್ಭದ ಕ್ಯಾಲಿಫೋರ್ನಿಯಾ ಎಂದೇ ಕರೆಯುತ್ತಾರೆ. ಕಾರಣ ಕಿತ್ತಳೆ ತೋಟಗಳು. ನಾಗಪುರ ಸಂತ್ರಾ ಎಂದು ನಾವು ತಿನ್ನುವ ಹಣ್ಣಿನ ಬಹುದೊಡ್ಡ ಪಾಲು ಅಲ್ಲಿಯದು. ನಿಜವಾದ ಕ್ಯಾಲಿಫೋರ್ನಿಯಾಕ್ಕೂ ಇದಕ್ಕೂ ಇರುವ ಹೋಲಿಕೆ ತೋಟದ ಹಸಿರಿನಲ್ಲಷ್ಟೇ ಇಲ್ಲ, ನೆಲದಡಿಯಲ್ಲೂ ಇದೆ. ಆ ಮಾತಿಗೆ ಆಮೇಲೆ ಬರೋಣ.

ಅಮೆರಿಕದ ಕ್ಯಾಲಿಫೋರ್ನಿಯಾ ಲೋಕದ ಬಾದಾಮಿಯಲ್ಲಿ ಸುಮಾರು ಶೇ 80ರಷ್ಟನ್ನು ಬೆಳೆಯುತ್ತದೆ. ಅದೂ ರಾಜ್ಯದ ಉದ್ದಗಲಕ್ಕೆ ಹರಡಿ ಅಲ್ಲ. ನಡುವಿನ ಒಂದು ಕಣಿವೆಯಲ್ಲಿ, ಉತ್ತರದ ಸ್ಯಾಕ್ರಮೆಂಟೊ ಕಡೆಯಿಂದ ದಕ್ಷಿಣದ ಬೇಕರ್ಸ್‌ಫೀಲ್ಡ್‌ವರೆಗೆ. ಫಸಲು ಕೊಡುವ ತೋಟವೇ ಹದಿಮೂರು–ಹದಿನಾಲ್ಕು ಲಕ್ಷ ಎಕರೆ. 2020ರಲ್ಲಿ ಮುನ್ನೂರು ಕೋಟಿ ಪೌಂಡಿಗೂ ಮಿಕ್ಕಿ, ಅಂದರೆ ಸುಮಾರು 14 ಲಕ್ಷ ಟನ್ ತಿರುಳು ಬಂತು. ಬಾದಾಮಿ ಅಲ್ಲಿಯ ಮೂಲ ಮರವೇನಲ್ಲ. ಸ್ಪೇನಿನ ಪಾದ್ರಿಗಳು ತಂದು ಮಿಷನ್ ತೋಟಗಳಲ್ಲಿ ನೆಟ್ಟರು, ಅದು ಕರಾವಳಿಯ ತೇವಕ್ಕೆ ಒಗ್ಗಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ, 1879ರ ಸುಮಾರಿಗೆ, ಸುಯಿಸನ್ ಎಂಬಲ್ಲಿ ಎ.ಟಿ. ಹ್ಯಾಚ್ ಎಂಬ ತೋಟಗಾರ ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಕೆಲವು ಬೇರೆಯೇ ಥರ ಕಾಯಿ ಬಿಟ್ಟವು. ಅವುಗಳಲ್ಲೊಂದಕ್ಕೆ ನಾನ್‌ಪರೈಲ್ ಎಂದು ಹೆಸರಿಟ್ಟರು. ಚಿಪ್ಪು ಕಾಗದದಂತೆ ತೆಳು, ತಿರುಳು ನಯ, ಬಣ್ಣ ತಿಳಿ. ಒಂದೂವರೆ ಶತಮಾನ ಆಗುತ್ತ ಬಂದರೂ ಅದನ್ನು ಪಕ್ಕಕ್ಕೆ ಸರಿಸುವ ತಳಿ ಬಂದಿಲ್ಲ. ನಮ್ಮ ಪೇಟೆಗೆ ಚಿಪ್ಪಿನ ಸಮೇತ ಬರುವ ಮಾಲಿನಲ್ಲಿ ಅದರದ್ದೇ ಮೇಲುಗೈ.

ನಾನ್‌ಪರೈಲ್‌ಗೆ ಒಂದು ಹಠವಿದೆ. ತನ್ನದೇ ಪರಾಗವನ್ನು ಅದು ಒಪ್ಪುವುದಿಲ್ಲ. ಅದಕ್ಕೇ ತೋಟದಲ್ಲಿ ಒಂದು ಸಾಲು ನಾನ್‌ಪರೈಲ್ ಆದರೆ ಪಕ್ಕದ ಸಾಲಿನಲ್ಲಿ ಮಾಂಟರೆ, ಕಾರ್ಮೆಲ್, ಫ್ರಿಟ್ಸ್ ಥರದ ಬೇರೆ ತಳಿ. ಪರಾಗ ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗಲು ಜೇನುನೊಣ ಬೇಕು. ಫೆಬ್ರುವರಿ ನಡುವಿನಲ್ಲಿ ಕಣಿವೆಯೆಲ್ಲ ಒಟ್ಟಿಗೆ ಹೂ ಬಿಡುತ್ತದೆ, ಅಷ್ಟು ಹೂವಿಗೆ ಸಾಲುವಷ್ಟು ನೊಣ ಅಲ್ಲಿಲ್ಲ. ಹೀಗಾಗಿ ಫ್ಲೋರಿಡಾದಿಂದ, ಡಕೋಟಾದಿಂದ, ದೇಶದ ಮೂಲೆಮೂಲೆಯಿಂದ ಲಾರಿಗಳಲ್ಲಿ ಜೇನುಪೆಟ್ಟಿಗೆಗಳು ಬರುತ್ತವೆ. ಎಕರೆಗೆ ಎರಡು ಪೆಟ್ಟಿಗೆ, ಪೆಟ್ಟಿಗೆಗೆ ಸುಮಾರು ಇನ್ನೂರು ಡಾಲರ್ ಬಾಡಿಗೆ. ಅಮೆರಿಕದ ಬಾಡಿಗೆ ಜೇನಿನ ಬಹುಪಾಲು ಆ ಮೂರ್ನಾಲ್ಕು ವಾರ ಒಂದೇ ಕಣಿವೆಯಲ್ಲಿ ಕೂಡಿರುತ್ತದೆ. ಪೆಟ್ಟಿಗೆ ಕಳ್ಳತನವೂ ಅಲ್ಲಿ ಒಂದು ಉದ್ಯೋಗ. 2025ರ ಆರಂಭದಲ್ಲಿ ವಾಣಿಜ್ಯ ಜೇನುಸಾಕಣೆಗಾರರ ಅರ್ಧಕ್ಕೂ ಹೆಚ್ಚು ಜೇನುಕುಟುಂಬಗಳು ಸತ್ತುಹೋದವೆಂಬ ಸುದ್ದಿ ಬಂದಾಗ ಮೊದಲು ಗಾಬರಿಗೊಂಡವರು ಬಾದಾಮಿ ಬೆಳೆಗಾರರು. ಈಚೆಗೆ ಇಂಡಿಪೆಂಡೆನ್ಸ್ ಎಂಬ, ತಾನೇ ತನ್ನನ್ನು ಫಲಿಸಿಕೊಳ್ಳುವ ತಳಿ ಹಬ್ಬುತ್ತಿರುವುದಕ್ಕೆ ಈ ಬಾಡಿಗೆಯ ಭಾರವೂ ಒಂದು ಕಾರಣ. ಆ ತಳಿ ಈಗ ನಮ್ಮ ಪೇಟೆಗಳಿಗೂ ಬಂದಿದೆ, ನಾನ್‌ಪರೈಲ್‌ಗಿಂತ ಒಂದಿಷ್ಟು ಅಗ್ಗಕ್ಕೆ.

ಜುಲೈ ಹೊತ್ತಿಗೆ ಹಸಿರು ಸಿಪ್ಪೆ ಬಿರಿಯುತ್ತದೆ. ಬಿರಿದ ಕಡೆಯಿಂದ ಹುಳ ನುಗ್ಗುವುದೂ ಆಗಲೇ. ನೇವಲ್ ಕಿತ್ತಳೆಯ ಹುಳವೆಂದು ಗುರುತಾದ ಒಂದು ಪತಂಗದ ಮರಿ ಇಲ್ಲಿಯ ದೊಡ್ಡ ಶತ್ರು. ಹಿಂದಿನ ವರ್ಷ ಮರದಲ್ಲೇ ಉಳಿದು ಒಣಗಿದ ಕಾಯಿಗಳಲ್ಲಿ ಅದು ಚಳಿಗಾಲ ಕಳೆಯುವುದರಿಂದ ಡಿಸೆಂಬರ್, ಜನವರಿಯಲ್ಲಿ ಆ ಕಾಯಿಗಳನ್ನೆಲ್ಲ ಉದುರಿಸಿ ಪುಡಿಮಾಡುವುದೇ ಒಂದು ಖರ್ಚು. ಹುಳ ಬಿದ್ದ ಕಡೆ ಬೂಷ್ಟು, ಬೂಷ್ಟಿನ ಹಿಂದೆ ಅಫ್ಲಾಟಾಕ್ಸಿನ್ ಎಂಬ ವಿಷ. ಹಡಗು ಹತ್ತುವ ಮುಂಚೆ ಪರೀಕ್ಷೆಯಾಗುವುದು ಇದಕ್ಕೇ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೊಯ್ಲು. ಕೊಯ್ಲು ಎಂಬ ಮಾತಿಗೆ ಅಲ್ಲಿ ಕೈಯ ಸಂಬಂಧವೇ ಇಲ್ಲ. ಒಂದು ಯಂತ್ರ ಬಂದು ಕಾಂಡವನ್ನು ಹಿಡಿದು ಕೆಲವೇ ಸೆಕೆಂಡು ಅದುರಿಸುತ್ತದೆ, ಇಡೀ ಮರದ ಕಾಯಿ ನೆಲಕ್ಕೆ ಸುರಿಯುತ್ತದೆ. ವಾರ, ಹತ್ತು ದಿನ ಅಲ್ಲೇ ಬಿಸಿಲಿಗೆ ಒಣಗಲು ಬಿಟ್ಟು, ಗುಡಿಸುವ ಯಂತ್ರದಿಂದ ಸಾಲು ಮಾಡಿ, ಇನ್ನೊಂದು ಯಂತ್ರದಿಂದ ಎತ್ತಿಕೊಳ್ಳುತ್ತಾರೆ. ತೋಟದ ನೆಲವನ್ನು ಹುಲ್ಲುಕಡ್ಡಿ ಇಲ್ಲದಂತೆ ಸಪಾಟಾಗಿ ಇಟ್ಟಿರುವುದು ಈ ಗುಡಿಸುವಿಕೆಗಾಗಿ. ಆ ತಿಂಗಳುಗಳಲ್ಲಿ ಕಣಿವೆಯ ಗಾಳಿಯಲ್ಲಿ ಏಳುವ ದೂಳು ಊರವರ ನಿತ್ಯದ ದೂರು. ಮುಂದೆ ಗಿರಣಿಯಲ್ಲಿ ಸಿಪ್ಪೆ ಬೇರೆಯಾಗಿ ಹಾಲಿನ ಹಸುಗಳ ಮೇವಿಗೆ ಹೋಗುತ್ತದೆ, ಚಿಪ್ಪು ಕೊಟ್ಟಿಗೆಯ ಹಾಸಿಗೆ. ಅಡಿಕೆ ಸುಲಿಯಲು ಆಳು ಸಿಗುತ್ತಿಲ್ಲ ಎಂದು ಕೊರಗುವ ನಮ್ಮ ಮಲೆನಾಡಿನ ಬೆಳೆಗಾರ ಇದನ್ನು ನೋಡಿದರೆ ಸ್ವಲ್ಪ ಹೊತ್ತು ಮಾತಾಡಲಾರ.

ಅಂದಹಾಗೆ, ಅಲ್ಲಿಯ ಬೆಳೆಗಾರರೂ ಒಂದು ಕಾಲದಲ್ಲಿ ದಲ್ಲಾಳಿಗಳ ಕೈಯಲ್ಲಿ ಸಿಕ್ಕಿಬಿದ್ದವರೇ. 1910ರಲ್ಲಿ ಅವರು ಕಟ್ಟಿದ ಸಹಕಾರಿ ಸಂಘವೇ ಇವತ್ತಿನ ಬ್ಲೂ ಡೈಮಂಡ್. ನಮ್ಮಲ್ಲಿ ಅಡಿಕೆಯ ಬೆಲೆ ನೆಲಕಚ್ಚಿದ ಹೊತ್ತಿನಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಹುಟ್ಟಿನ ಕಾರಣ ಒಂದೇ. ಕ್ಯಾಲಿಫೋರ್ನಿಯಾದಲ್ಲಿ ಸಂಘದ ಜೊತೆಗೆ 1950ರಲ್ಲಿ ಸರ್ಕಾರದ ಆದೇಶದಡಿ ಬೆಳೆಗಾರರದೇ ಹಣದಿಂದ ಬಾದಾಮಿ ಮಂಡಳಿಯೊಂದು ಎದ್ದಿತು, ಪ್ರಚಾರವೂ ಸಂಶೋಧನೆಯೂ ಅದರ ಕೆಲಸ. ಬೆಳಿಗ್ಗೆ ಎದ್ದು ಬಾದಾಮಿ ತಿನ್ನಿ ಎಂದು ನಮ್ಮ ಟಿ.ವಿ.ಗಳಲ್ಲಿ ಸಿನಿಮಾ ನಟಿಯರು ಹೇಳುವುದರ ಹಿಂದೆ ಆ ಮಂಡಳಿಯ ಖರ್ಚಿದೆ. ಅಜ್ಜಿ ಹೇಳಿದ್ದನ್ನೇ ಅವರೂ ಹೇಳುತ್ತಾರೆ, ಅಜ್ಜಿ ಪುಕ್ಕಟೆ ಹೇಳುತ್ತಿದ್ದಳು.

ಈಗ ನೆಲದಡಿಯ ಮಾತು. ಒಂದು ಬಾದಾಮಿಗೆ ಒಂದು ಗ್ಯಾಲನ್ ನೀರು ಎಂಬ ಲೆಕ್ಕ 2014ರ ಬರಗಾಲದಲ್ಲಿ ಲೋಕವೆಲ್ಲ ಹರಡಿತು. ಗ್ಯಾಲನ್ ಎಂದರೆ 3.8 ಲೀಟರ್. ಪೇಟೆಯಲ್ಲಿ ಸಿಗುವ ಮಧ್ಯಮ ಗಾತ್ರದ ಬಾದಾಮಿ ಕಿಲೋಗೆ ಎಂಟುನೂರೈವತ್ತರ ಆಸುಪಾಸು ತೂಗುತ್ತದೆ. ಅಂದರೆ ಕಿಲೋಗೆ ಮೂರು ಸಾವಿರ ಲೀಟರಿನ ಮೇಲೆ. ನದಿಯ ಕಾಲುವೆಯಲ್ಲಿ ನೀರು ಬಾರದ ವರ್ಷ ಕಣಿವೆಯ ರೈತ ಬಾವಿ ತೋಡುತ್ತಾನೆ. ತರಕಾರಿ ಬೆಳೆವವನಾದರೆ ಒಂದು ವರ್ಷ ಹೊಲ ಬೀಳುಬಿಡಬಹುದು. ಇಪ್ಪತ್ತೈದು ವರ್ಷದ ಮರ ಇಟ್ಟವನಿಗೆ ಆ ಸ್ವಾತಂತ್ರ್ಯವಿಲ್ಲ. ಹೀಗೆ ಎತ್ತಿ ಎತ್ತಿ ಸ್ಯಾನ್ ವಾಕೀನ್ ಕಣಿವೆಯ ನೆಲವೇ ಕುಸಿಯಿತು. ಮೆಂಡೋಟಾ ಎಂಬ ಊರಿನ ಹತ್ತಿರ 1925ರಿಂದ 1977ರ ನಡುವೆ ನೆಲ ಸುಮಾರು 28 ಅಡಿ ತಗ್ಗಿದ್ದನ್ನು ಅಳೆದಿದ್ದಾರೆ. ಅದು ಬಾದಾಮಿಯ ಕಾಲಕ್ಕಿಂತ ಮುಂಚಿನ ಹತ್ತಿ, ಧಾನ್ಯಗಳ ಕೆಲಸ. ಬಾದಾಮಿ ಆ ಬಾವಿಗಳನ್ನು ಬಳುವಳಿಯಾಗಿ ಪಡೆದು ಇನ್ನೂ ಆಳಕ್ಕೆ ಇಳಿಸಿತು. 2014ರಲ್ಲಿ ರಾಜ್ಯ ಅಂತರ್ಜಲಕ್ಕೆ ಕಾನೂನು ತಂದಿತು. ಸ್ಥಳೀಯ ಯೋಜನೆ ಜಾರಿಯಾದ ಎರಡು ದಶಕದೊಳಗೆ ಎತ್ತುವ ನೀರು ಇಂಗುವ ನೀರಿಗೆ ಸರಿಹೊಂದಬೇಕು ಎಂಬುದು ಅದರ ಸಾರ. ಅಷ್ಟು ಹೊತ್ತಿಗೆ ಎಷ್ಟು ಎಕರೆ ಬಾದಾಮಿ ಉಳಿದೀತು ಎಂಬುದು ಈಗ ಅಲ್ಲಿಯ ಕೌಂಟಿಗಳಲ್ಲಿ ನಡೆಯುವ ಜಗಳ.

ವರೂಡ್–ಮೋರ್ಶಿಯಲ್ಲೂ ಇದೇ. ಕಿತ್ತಳೆಗಾಗಿ ಕೊಳವೆಬಾವಿ ಕೊರೆದು ಕೊರೆದು ಅಂತರ್ಜಲ ಬತ್ತಿದ ತಾಲ್ಲೂಕುಗಳ ಪಟ್ಟಿಗೆ ಅವು ಸೇರಿಹೋದವು. ಅಡ್ಡಹೆಸರು ಕೊಟ್ಟವರು ಇಷ್ಟು ದೂರ ಯೋಚಿಸಿರಲಾರರು.

ನೀರಿಗಿಂತ ಬೇಗ ಬೆಳೆಗಾರನ ಕತ್ತು ಹಿಡಿದದ್ದು ಬೆಲೆ. 2014ರಲ್ಲಿ ಪೌಂಡಿಗೆ ನಾಲ್ಕು ಡಾಲರ್ ಸಿಗುತ್ತಿತ್ತು. ಆ ಭರಾಟೆಯಲ್ಲಿ ಪಿಂಚಣಿ ನಿಧಿಗಳೂ ಬಂಡವಾಳ ಕಂಪನಿಗಳೂ ಬಂದು ತೋಟ ಇಟ್ಟವು. ಅವೆಲ್ಲ ಫಲಕ್ಕೆ ಬರುವ ಹೊತ್ತಿಗೆ, 2022ರಲ್ಲಿ, ಬೆಲೆ ಒಂದು ಡಾಲರ್ ನಲವತ್ತು ಸೆಂಟಿಗೆ ಇಳಿದಿತ್ತು. 2024ರ ಫೆಬ್ರುವರಿಯಲ್ಲಿ ಸಾವಿರಾರು ಎಕರೆಯ ಟ್ರಿನಿಟಾಸ್ ಫಾರ್ಮಿಂಗ್ ದಿವಾಳಿ ಅರ್ಜಿ ಹಾಕಿತು. ಗಾಂಧಿಬಾಗ್‌ನಲ್ಲಿ ಬಾದಾಮಿ ಅಗ್ಗವಾಗಿದ್ದ ದೀಪಾವಳಿಗಳು ಅಲ್ಲಿಯ ಯಾರೋ ತೋಟ ಮಾರಿದ ವರ್ಷಗಳು.

ಇಷ್ಟೆಲ್ಲ ಯಂತ್ರವಿರುವ ದೇಶ ನಮಗೆ ಮಾತ್ರ ಬಾದಾಮಿಯನ್ನು ಒಡೆಯದೆ ಕಳಿಸುವುದೇಕೆ? ಯುರೋಪಿಗೆ ಹೋಗುವುದು ಬಹುತೇಕ ತಿರುಳು. ಕೆಲವು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಅತಿದೊಡ್ಡ ವಿದೇಶಿ ಗಿರಾಕಿಯಾಗಿರುವ ಭಾರತಕ್ಕೆ ಬರುವುದು ಬಹುಪಾಲು ಚಿಪ್ಪುಬಾದಾಮಿ. ಚಿಪ್ಪಿನಲ್ಲಿದ್ದರೆ ಎಣ್ಣೆ ಕಮಟುವುದು ತಡ, ನಮ್ಮ ಸೆಕೆಗೆ ಅದು ಒಳ್ಳೆಯದು ಎಂಬುದೂ ನಿಜ. ಆದರೆ ದೊಡ್ಡ ಕಾರಣ ಮೊದಲಲ್ಲೇ ಹೇಳಿದ ಐವತ್ತು ರೂಪಾಯಿ. 2019ರ ಜೂನ್‌ನಲ್ಲಿ ಅಮೆರಿಕದ ಉಕ್ಕು–ಅಲ್ಯೂಮಿನಿಯಂ ಸುಂಕಕ್ಕೆ ಎದುರೇಟಾಗಿ ಭಾರತ ಅಮೆರಿಕದ ಬಾದಾಮಿ, ಅಕ್ರೋಟು, ಸೇಬಿನ ಮೇಲೆ ಹೆಚ್ಚುವರಿ ಸುಂಕ ಹೇರಿತು. ತಿರುಳಿಗೆ ಬಿದ್ದದ್ದು ಕಿಲೋಗೆ 20 ರೂಪಾಯಿ. 2023ರ ಸೆಪ್ಟೆಂಬರ್‌ನಲ್ಲಿ, ದೆಹಲಿಯ ಜಿ–20 ಸಭೆಯ ಹೊತ್ತಿಗೆ, ಅದನ್ನು ತೆಗೆದರು. ಉಕ್ಕಿನ ಜಗಳಕ್ಕೆ ನಾಲ್ಕು ವರ್ಷ ದಂಡ ತೆತ್ತದ್ದು ಅಂಟಿನ ಉಂಡಿ.

ಸುಂಕದ ಹೊಡೆತ ನಾಗಪುರಕ್ಕೆ ಇನ್ನೊಂದು ಕಡೆಯಿಂದಲೂ ಗೊತ್ತು. ವಿದರ್ಭದ ಕಿತ್ತಳೆಗೆ ಬಾಂಗ್ಲಾದೇಶ ದೊಡ್ಡ ಪೇಟೆ. 2019ರಲ್ಲಿ ಕಿಲೋಗೆ 20 ರೂಪಾಯಿ ಇದ್ದ ಅವರ ಆಮದು ಸುಂಕ ವರ್ಷ ವರ್ಷ ಏರಿ 2023ರಲ್ಲಿ 88 ಆಯಿತು. ಅಷ್ಟು ಸುಂಕ ಕೊಟ್ಟು ಕಿತ್ತಳೆ ಕೊಳ್ಳುವವರು ಕಡಿಮೆಯಾದರು, ಹಣ್ಣು ನಾಗಪುರದಲ್ಲೇ ಸುರಿದು ಬೆಲೆ ಬಿತ್ತು. ನಮ್ಮ ಅಡಿಕೆ ಬೆಳೆಗಾರನಿಗೆ ಇದರ ತಿರುವುಮುರುವು ಗೊತ್ತು. ಕಿಲೋಗೆ 251 ರೂಪಾಯಿಗಿಂತ ಅಗ್ಗದ ಅಡಿಕೆ ದೇಶದೊಳಗೆ ಬರಬಾರದೆಂಬ ಆಗಿನ ನಿಯಮ ಇಟ್ಟುಕೊಂಡೂ, ಮ್ಯಾನ್ಮಾರ್ ಗಡಿಯಿಂದ ಕಳ್ಳಮಾಲು ನುಸುಳಿ ನಾಗಪುರ ಸೇರಿತೆಂಬ ಪ್ರಕರಣದಲ್ಲಿ 2022ರಲ್ಲಿ ಜಾರಿ ನಿರ್ದೇಶನಾಲಯದ ದಾಳಿಗಳಾದವು. ಅಡಿಕೆ, ತಂಬಾಕು ಬೆರೆಸಿದ ಖರ್ರಾ ಜಗಿಯುವ ವಿದರ್ಭಕ್ಕೆ ಸುಪಾರಿ ಎಷ್ಟಿದ್ದರೂ ಸಾಲದು.

ಬಾದಾಮಿಯಲ್ಲಿ ನಮ್ಮ ಸರ್ಕಾರ ಈಚೆಗೆ ಇನ್ನೊಂದು ಬಾಗಿಲು ತೆರೆದಿದೆ. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಒಪ್ಪಂದದಲ್ಲಿ ಆಸ್ಟ್ರೇಲಿಯಾದ 34 ಸಾವಿರ ಟನ್ ಬಾದಾಮಿಗೆ ಅರ್ಧ ಸುಂಕ. ಅಲ್ಲಿ ಕೊಯ್ಲು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಮಾಲು ಮಳೆಗಾಲದ ಹೊತ್ತಿಗೆ ಇಲ್ಲಿ ಬಂದಿಳಿದು ಹಬ್ಬಕ್ಕೆ ತಯಾರಾಗಿರುತ್ತದೆ. ಕ್ಯಾಲಿಫೋರ್ನಿಯಾದವರಿಗೆ ಕೊಯ್ದು, ಗಿರಣಿಗೆ ಹಾಕಿ, ಓಕ್ಲೆಂಡ್ ಬಂದರಿನಿಂದ ಹಡಗು ಹತ್ತಿಸಿ, ಒಂದು ತಿಂಗಳ ಮೇಲಿನ ಪಯಣದ ನಂತರ ನವಾ ಶೇವಾ ಅಥವಾ ಮುಂದ್ರಾ ಮುಟ್ಟಿಸುವ ಹೊತ್ತಿಗೆ ದೀಪಾವಳಿ ಮುಗಿದೇಹೋಗಿರಬಹುದು. ಪಂಚಾಂಗ ನೋಡಿ ಹಡಗು ಕಾಯ್ದಿರಿಸುವ ವ್ಯಾಪಾರ ಇದು. 2025ರಲ್ಲಿ ದೀಪಾವಳಿ ಅಕ್ಟೋಬರ್ 20ಕ್ಕೇ ಬಂತು, 2026ರಲ್ಲಿ ನವೆಂಬರ್ 8ಕ್ಕೆ. ಈ ಮೂರು ವಾರದ ವ್ಯತ್ಯಾಸದಲ್ಲಿ ಹೊಸ ಫಸಲು ಹಬ್ಬಕ್ಕೆ ಸಿಗುವುದೋ ಕಳೆದ ವರ್ಷದ ಶೀತಗೃಹದ ಮಾಲಿನಲ್ಲೇ ಹಬ್ಬ ಸಾಗುವುದೋ ತೀರ್ಮಾನವಾಗಿಬಿಡುತ್ತದೆ.

ಬಂದರಿನಲ್ಲಿ ಇಳಿದ ಚಿಪ್ಪುಬಾದಾಮಿ ಒಡೆಯುವ ಕಡೆಗೆ ಹೋಗುತ್ತದೆ. ದೇಶದ ದೊಡ್ಡ ಒಣಹಣ್ಣಿನ ಪೇಟೆ ದೆಹಲಿಯ ಖಾರಿ ಬಾವಲಿ. ಅದಕ್ಕಾಗಿ ಒಡೆಯುವ ಕೆಲಸ ಬಹುಕಾಲದಿಂದ ನಡೆದಿರುವುದು ಈಶಾನ್ಯ ದೆಹಲಿಯ ಕರಾವಲ್ ನಗರದಂಥ ಬಡಾವಣೆಗಳಲ್ಲಿ, ಇಕ್ಕಟ್ಟಾದ ಗೋದಾಮುಗಳಲ್ಲಿ. ಕೆಲಸಗಾರರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಹೆಂಗಸರು. 2009ರ ಡಿಸೆಂಬರ್‌ನಲ್ಲಿ ಅವರು ಮುಷ್ಕರ ಹೂಡಿದರು. ಆಗ ಸುಮಾರು 23 ಕಿಲೋದ ಒಂದು ಚೀಲ ಒಡೆದು ಆರಿಸಿದರೆ ಸಿಗುತ್ತಿದ್ದದ್ದು 50 ರೂಪಾಯಿ. ಚಳಿಯಲ್ಲಿ ಎರಡು ವಾರ ಕೂತ ಮೇಲೆ ಅದು 60 ಆಯಿತು. ಕ್ರಿಸ್‌ಮಸ್ ಮತ್ತು ಹೊಸವರ್ಷದ ಮಾಲು ಅಷ್ಟು ದಿನ ಗೋದಾಮಿನಲ್ಲೇ ಕೊಳೆಯಿತು.

ಆಮೇಲೆ ಒಡೆಯುವ ಯಂತ್ರಗಳು ಬಂದವು. ಯಂತ್ರ ಒಡೆದದ್ದರಲ್ಲಿ ಚಿಪ್ಪಿನ ಚೂರು ಬೇರ್ಪಡಿಸಿ, ತುಂಡಾದದ್ದು ಬೇರೆ, ಸುಕ್ಕಿದ್ದು ಬೇರೆ, ಇಡಿಯದು ಬೇರೆ ಮಾಡಲು ಮತ್ತೆ ಹೆಂಗಸರೇ ಬೇಕಾಯಿತು. 2024ರ ಮಾರ್ಚ್‌ನಲ್ಲಿ ಅದೇ ಕರಾವಲ್ ನಗರದಲ್ಲಿ ಇನ್ನೊಮ್ಮೆ ಮುಷ್ಕರ. ಹನ್ನೆರಡು ವರ್ಷಗಳಿಂದ ಕಿಲೋಗೆ ಎರಡೇ ರೂಪಾಯಿ ಎಂಬುದು ಅವರ ದೂರು. ಮೊದಲಿನ ಲೆಕ್ಕದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಭಾರತದಲ್ಲೇ ಒಡೆಸುವುದರಿಂದ ವ್ಯಾಪಾರಿಗೆ ಒಂದು ಕಿಲೋ ತಿರುಳಿಗೆ ಉಳಿಯುವ ಸುಂಕ ಐವತ್ತು ರೂಪಾಯಿ. ಆ ಉಳಿತಾಯ ಸಾಧ್ಯವಾಗಿಸಿದ ಕೈಗೆ ಸೇರುವುದು ಎರಡು, ಹೆಚ್ಚೆಂದರೆ ಮೂರು. ಸುಂಕದಲ್ಲಿ ಈ ಭೇದ ಇಟ್ಟಿರುವುದು ದೇಶದೊಳಗೆ ಕೆಲಸ ಉಳಿಯಲಿ ಎಂದಾದರೆ, ಕೆಲಸ ಉಳಿದದ್ದು ನಿಜ. ಕೂಲಿ ಎಲ್ಲಿ ಹೋಯಿತು ಎಂದು ಕೇಳುವ ಸಾಲು ಸುಂಕದ ಪಟ್ಟಿಯಲ್ಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಾದಾಮಿಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಾಗ ಗಿರಾಕಿಗೆ ಕಿಲೋ ಮೇಲೆ ಉಳಿದ ಹಣ ಆ ಕೂಲಿಯ ಎಷ್ಟೋ ಪಟ್ಟು.

ಕಾಶ್ಮೀರದ ಬಾದಾಮಿ ಏನಾಯಿತು ಎಂದು ಕೇಳುವವರಿದ್ದಾರೆ. ಶ್ರೀನಗರದಿಂದ ಹೊರಟ 44ನೇ ರಾಷ್ಟ್ರೀಯ ಹೆದ್ದಾರಿ ಪುಲ್ವಾಮಾದ ಅವಂತಿಪೋರಾ ಹಾದು, ನಾಗಪುರದ ನಡುವೆ ಇಳಿದು, ಬೆಂಗಳೂರಿಗೆ ಬರುತ್ತದೆ. ಒಂದೇ ರಸ್ತೆಯಲ್ಲಿ ಲಾರಿ ಬಂದರಾಯಿತು, ಸಮುದ್ರ ಬೇಡ, ಸುಂಕ ಬೇಡ. ಆದರೆ ತರಲು ಮಾಲು ಬೇಕಲ್ಲ. ಪುಲ್ವಾಮಾ, ಬಡಗಾಮ್‌ಗಳ ಎತ್ತರದ ಕರೇವಾ ಜಮೀನಿನಲ್ಲಿ 2006ರ ಸುಮಾರಿಗೆ ಹದಿನಾರು ಸಾವಿರ ಹೆಕ್ಟೇರ್ ಇದ್ದ ಬಾದಾಮಿ ಮುಂದಿನ ಹದಿನೈದು ವರ್ಷಗಳಲ್ಲಿ ನಾಲ್ಕೈದು ಸಾವಿರಕ್ಕೆ ಇಳಿಯಿತು. ಮಾರ್ಚ್‌ನಲ್ಲಿ ಎಲ್ಲಕ್ಕೂ ಮೊದಲು ಹೂ ಬಿಡುವ ಮರ ಅದು, ಹೂವಿನ ಮೇಲೆ ಹಿಮ ಬಿದ್ದರೆ ಆ ವರ್ಷ ಮುಗಿಯಿತು. ನೀರಾವರಿ ಇಲ್ಲ, ಮರಗಳು ಹಳೆಯವು, ಬೀಜದಿಂದೆದ್ದ ಮರಗಳಲ್ಲಿ ಒಂದೊಂದು ಕಹಿ. ಪಕ್ಕದ ಹೊಲದ ಸೇಬು ಮೂರ್ನಾಲ್ಕು ಪಟ್ಟು ಹಣ ತರುವಾಗ ರೈತ ಕೊಡಲಿ ಎತ್ತಿದ. ಹರಿಪರ್ಬತದ ಬುಡದ ಬಾದಾಮ್‌ವಾರಿಯಲ್ಲಿ ಈಗಲೂ ವಸಂತಕ್ಕೆ ಜನ ಹೂ ನೋಡಲು ಸೇರುತ್ತಾರೆ. ನೋಡುವ ಹೂವಿಗೂ ಮಾರುವ ಕಾಯಿಗೂ ಅಲ್ಲಿ ನಂಟು ಕಡಿದುಹೋಗುತ್ತಿದೆ.

ಇತ್ವಾರಿಯ ಅಂಗಡಿಯಲ್ಲಿ ಇಷ್ಟೆಲ್ಲ ಭೂಗೋಳ ಮೂರ್ನಾಲ್ಕು ಡಬ್ಬಿಗಳಲ್ಲಿ ಕೂತಿರುತ್ತದೆ. ಕ್ಯಾಲಿಫೋರ್ನಿಯಾ ಎಂದರೆ ಚಪ್ಪಟೆ, ಒಂದೇ ಸಮ. ಪೆಟ್ಟಿಗೆಯ ಮೇಲೆ 23/25 ಎಂದಿದ್ದರೆ ಒಂದು ಔನ್ಸಿಗೆ, ಅಂದರೆ ಸುಮಾರು 28 ಗ್ರಾಮಿಗೆ, ಅಷ್ಟು ಬೀಜ ತೂಗುತ್ತವೆ. ಅಂಕಿ ಸಣ್ಣದಾದಷ್ಟೂ ಬೀಜ ದಪ್ಪ. ಗುರ್‌ಬಂದಿ ಚಿಕ್ಕದು, ಗಿಡ್ಡ, ಎಣ್ಣೆ ಹೆಚ್ಚು. ಮಾಮ್ರಾ ಎಲ್ಲಕ್ಕೂ ದುಬಾರಿ. ಇರಾನ್, ಅಫ್ಘಾನಿಸ್ತಾನಗಳ ಕಡೆಯದು, ದೋಣಿಯ ಥರ ಡೊಂಕಾಗಿ ಸುಕ್ಕುಗಟ್ಟಿರುತ್ತದೆ. ಉಗುರಲ್ಲಿ ಒತ್ತಿದರೆ ಎಣ್ಣೆ ಜಿನುಗಬೇಕು ಎನ್ನುವವರುಂಟು. ಸುಕ್ಕಿದ ಕ್ಯಾಲಿಫೋರ್ನಿಯಾವನ್ನು ಮಾಮ್ರಾ ಎಂದು ದಾಟಿಸುವವರೂ ಉಂಟು. ಎರಡರ ಬೆಲೆಯ ಅಂತರ ನೋಡಿದರೆ ಆಸೆ ಹುಟ್ಟುವುದು ಆಶ್ಚರ್ಯವಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಅಟಾರಿ ಗಡಿ ಮುಚ್ಚಿದಾಗ ಅಫ್ಘಾನ್ ಮಾಲಿನ ಲಾರಿಗಳು ಆಚೆಯೇ ನಿಂತವು. ಮೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಲಾರಿಗಳನ್ನು ವಿಶೇಷ ಅನುಮತಿಯಲ್ಲಿ ಒಳಬಿಟ್ಟರು. ಗಡಿ ಮುಚ್ಚಿದ ಸುದ್ದಿ ಟಿ.ವಿ.ಯಲ್ಲಿ ಬರುವ ಹೊತ್ತಿಗೆ ಒಣಹಣ್ಣಿನ ಪೇಟೆಯಲ್ಲಿ ದರ ಬದಲಾಗಿರುತ್ತದೆ.

ಅದೇ ಅಂಗಡಿಯಲ್ಲಿ ಇನ್ನೊಂದು ಡಬ್ಬಿ ಇದೆ, ತೊಗರಿಬೇಳೆಯಷ್ಟು ಸಣ್ಣ, ಕಂದು ಬೀಜದ್ದು. ಚಾರೋಳಿ. ನಮ್ಮ ಕಡೆಯೂ ಶ್ರೀಖಂಡ, ಬಾಸುಂದಿಗಳ ಮೇಲೆ ಉದುರಿಸುವುದು ಇದನ್ನೇ. ರುಚಿಯಲ್ಲಿ ಬಾದಾಮಿಗೆ ಹತ್ತಿರ. ನಾಗಪುರದ ಸುತ್ತಿನ ಕಾಡಿನಲ್ಲಿ, ಅದರಲ್ಲೂ ಉತ್ತರಕ್ಕೆ ಸಾತ್ಪುಡಾದ ಛಿಂದ್ವಾಡಾ, ತಾಮಿಯಾ, ಪಾತಾಳ್‌ಕೋಟ್ ಕಡೆ ಈ ಮರ ತಾನಾಗಿ ಬೆಳೆಯುತ್ತದೆ. 2015ರವರೆಗೆ ಛಿಂದ್ವಾಡಾದಿಂದ ನಾಗಪುರಕ್ಕೆ ನ್ಯಾರೋಗೇಜ್ ರೈಲಿತ್ತು, ಕಾಡಿಗೂ ಪೇಟೆಗೂ ಇದ್ದ ಸಣ್ಣ ಹಾದಿ ಅದು. ಏಪ್ರಿಲ್, ಮೇನಲ್ಲಿ ಗೊಂಡರು, ಭಾರಿಯಾ ಜನ ಹಣ್ಣು ಕಿತ್ತು, ನೆನೆಸಿ, ಉಜ್ಜಿ ತೊಳೆದು, ಒಣಗಿಸಿ, ಬೀಸುಕಲ್ಲಿನಲ್ಲಿ ಗಟ್ಟಿ ಚಿಪ್ಪು ಒಡೆದು ಬೀಜ ತೆಗೆಯುತ್ತಾರೆ. ಮಧ್ಯ ಭಾರತದ ಸಂತೆಗಳಲ್ಲಿ ಇದನ್ನು ಉಪ್ಪಿಗೆ ಬದಲಾಗಿ ಕೊಟ್ಟು ಹೋಗುತ್ತಿದ್ದ ಕಾಲ ತೀರಾ ಹಿಂದಿನದೇನಲ್ಲ. ಯಾರ ತೋಟವೂ ಅಲ್ಲದ ಮರವಾದ್ದರಿಂದ ತಾನು ಬಿಟ್ಟರೆ ಇನ್ನೊಬ್ಬ ಕೀಳುತ್ತಾನೆಂದು ಹಣ್ಣಾಗುವ ಮೊದಲೇ ಕೀಳುವುದು, ಕೈಗೆಟುಕದಿದ್ದರೆ ಕೊಂಬೆಯನ್ನೇ ಕಡಿಯುವುದು ನಡೆದು ಮರಗಳೂ ಕಡಿಮೆಯಾಗುತ್ತಿವೆ.

ಇದಕ್ಕೆ ಚಳಿಯ ಗಂಟೆ ಬೇಡ, ಬಾಡಿಗೆಯ ಜೇನು ಬೇಡ, ಕಾಲುವೆ ಬೇಡ. ಕಲ್ಲುಗುಡ್ಡದ ಮಣ್ಣಿನಲ್ಲಿ, ನಾಗಪುರದ ಬಿಸಿಲಿನಲ್ಲಿ ಬದುಕುತ್ತದೆ. ಗುಜರಾತಿನ ಗೋಧ್ರಾ ಹತ್ತಿರದ ತೋಟಗಾರಿಕಾ ಪ್ರಯೋಗ ಕೇಂದ್ರ ಥಾರ್ ಪ್ರಿಯಾ ಎಂಬ ಆಯ್ದ ತಳಿಯನ್ನೂ ಹೊರತಂದಿದೆ, ಕಸಿ ಗಿಡವಾದರೆ ಬೀಜದ ಗಿಡಕ್ಕಿಂತ ಬೇಗ ಫಲಕ್ಕೆ ಬರುತ್ತದೆ. ಒಡೆಯದ ಒಣ ಕಾಯಿಗೆ ಕೇಂದ್ರ ಸರ್ಕಾರ 2020ರಲ್ಲಿ ನಿಗದಿ ಮಾಡಿದ ಕನಿಷ್ಠ ಬೆಂಬಲ ಬೆಲೆ ಕಿಲೋಗೆ 126 ರೂಪಾಯಿ. ಒಡೆದ ಬೀಜ ಪೇಟೆಯಲ್ಲಿ ಸಾವಿರ ರೂಪಾಯಿ ದಾಟಿಯೇ ಮಾರುತ್ತದೆ, ಕ್ಯಾಲಿಫೋರ್ನಿಯಾದ ಬಾದಾಮಿಗಿಂತ ಹೆಚ್ಚಿಗೆ.